ನೆಲದಿಂದ ಚಂದ್ರನವರೆಗೆ ಗುರುತ್ವ ಶಕ್ತಿಯ ಲೆಕ್ಕ: ಒಂದು ಗ್ರಾಫ್ ಹಾಳೆ, ಒಂದು ಸ್ಕೇಲ್, ಒಂದೇ ಸಂಖ್ಯೆ

2023ರ ಜುಲೈ 14ರಂದು ಶ್ರೀಹರಿಕೋಟಾದಿಂದ ಹೊರಟ ಚಂದ್ರಯಾನ-3 ಆ ತಿಂಗಳು ಮುಗಿಯುವವರೆಗೂ ಭೂಮಿಯನ್ನೇ ಸುತ್ತುತ್ತಿತ್ತು. ಎಂಜಿನ್ ಉರಿಸಿದಾಗೆಲ್ಲ ಅದರ ಸುತ್ತು ಉದ್ದವಾಗುತ್ತಿತ್ತು, ಅದು ಭೂಮಿಯಿಂದ ಎಷ್ಟು ಎತ್ತರದವರೆಗೆ ಹೋಗುತ್ತದೆ ಎಂಬ ಹೊಸ ಸಂಖ್ಯೆ ಮರುದಿನದ ಪತ್ರಿಕೆಯಲ್ಲಿ ಬರುತ್ತಿತ್ತು. 41,762 ಕಿ.ಮೀ., ಆಮೇಲೆ 51,400, ಆಮೇಲೆ 71,351, ಜುಲೈ 25ರಂದು ಒಮ್ಮೆಲೇ 1,27,609. ನನ್ನ ಹತ್ತಿರ ಫಿಸಿಕ್ಸ್ ಹೇಳಿಸಿಕೊಳ್ಳಲು ಬರುತ್ತಿದ್ದ ಪಿಯುಸಿ ಹುಡುಗಿಯೊಬ್ಬಳು ಇವನ್ನೆಲ್ಲ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಳು.

"ಸರ್, ಎಂಜಿಎಚ್ (ದ್ರವ್ಯರಾಶಿ × ಗುರುತ್ವ ವೇಗೋತ್ಕರ್ಷ × ಎತ್ತರ) ಹಾಕಿ ನೋಡ್ದೆ. ರಾಕೆಟ್ ಬಿಟ್ಟಿದ್ದು 36,500 ಕಿ.ಮೀ.ವರೆಗೆ ಹೋಗೋ ಕಕ್ಷೆಗೆ. ಅಲ್ಲಿಂದ 1,27,609ಕ್ಕೆ ಏರೋಕೆ ಕೆ.ಜಿ.ಗೆ 893 ಮೆಗಾಜೌಲ್ ಬೇಕು ಅಂತ ಬರ್ತಿದೆ. ಆದ್ರೆ ಅದರ ಎಂಜಿನ್ ಬರೀ 440 ನ್ಯೂಟನ್ನಿಂದು. ಹೇಗೆ ಸರ್?"

440 ನ್ಯೂಟನ್ ಅಂದರೆ 45 ಕೆ.ಜಿ. ಅಕ್ಕಿ ಎತ್ತಿಹಿಡಿಯಲು ಬೇಕಾಗುವಷ್ಟು ಬಲ. ನೌಕೆಯದೋ 3,900 ಕೆ.ಜಿ. ದ್ರವ್ಯರಾಶಿ. ಅವಳ ಗುಣಾಕಾರ ಸರಿಯಾಗಿಯೇ ಇತ್ತು. ಎಂಜಿಎಚ್ ಸೂತ್ರ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿಂದಾಚೆ ನಡೆಯುವುದಿಲ್ಲ ಎಂಬುದನ್ನು ಮಾತ್ರ ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಕೇಳಿದ ಏರಿಕೆಗೆ ಸರಿಯಾದ ಉತ್ತರ ಕೆ.ಜಿ.ಗೆ 6.3 ಮೆಗಾಜೌಲ್. 893 ಎಲ್ಲಿ, 6.3 ಎಲ್ಲಿ!

ಆ ಸಂಜೆ ಅವಳ ಜೊತೆ ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಒಂದು ಗ್ರಾಫ್ ಹಾಳೆ, ಚೂಪು ಮಾಡಿದ ಪೆನ್ಸಿಲ್, ಸ್ಕೇಲ್, ಮೊಬೈಲಿನ ಕ್ಯಾಲ್ಕುಲೇಟರ್ ಇಷ್ಟಿದ್ದರೆ ಸಾಕು. ಕ್ಯಾಲ್ಕುಲಸ್ ಬೇಡ. ಓದುತ್ತ ಹೋಗಬೇಡಿ, ಮಾಡುತ್ತ ಹೋಗಿ. ಐದನೇ ಹೆಜ್ಜೆಯ ಚಿತ್ರವನ್ನು ನಿಮ್ಮ ಕೈಯಿಂದಲೇ ಬಿಡಿಸಿದರೆ ಈ ವಿಷಯ ಮರೆಯುವುದಿಲ್ಲ.

ಒಂದನೇ ಹೆಜ್ಜೆ: ನೆಲದಿಂದ ಅಳೆಯುವುದನ್ನು ಬಿಡಿ

ಎತ್ತರವನ್ನು ನೆಲದಿಂದ ಅಳೆಯುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಮುಳ್ಳಯ್ಯನಗಿರಿಯ ಎತ್ತರ ಇಷ್ಟು, ವಿಮಾನದ ಎತ್ತರ ಅಷ್ಟು ಎನ್ನುತ್ತೇವೆ. ಗುರುತ್ವಕ್ಕೆ ನೆಲದ ಲೆಕ್ಕವಿಲ್ಲ. ಗೋಳಾಕಾರದ ಗ್ರಹವೊಂದು ಹೊರಗಿನ ವಸ್ತುವನ್ನು ಸೆಳೆಯುವಾಗ, ತನ್ನ ಇಡೀ ದ್ರವ್ಯರಾಶಿ ಕೇಂದ್ರದ ಒಂದೇ ಬಿಂದುವಿನಲ್ಲಿ ಇರುವಂತೆ ಸೆಳೆಯುತ್ತದೆ. ಇದನ್ನು ನ್ಯೂಟನ್ ಸಾಧಿಸಿ ತೋರಿಸಿದ. ಹಾಗಾಗಿ ದೂರ ಅಂದರೆ ಕೇಂದ್ರದಿಂದ ದೂರ.

ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಯಾವ ಎತ್ತರ ಕೊಟ್ಟರೂ ಮೊದಲು ಇದನ್ನು ಕೂಡಿಸಿ. 400 ಕಿ.ಮೀ. ಎತ್ತರದ ಬಾಹ್ಯಾಕಾಶ ನಿಲ್ದಾಣ 6,771ರಲ್ಲಿದೆ. 36,500 ಅಂದರೆ 42,871. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ, ಸೂತ್ರ ಮರೆತವರಿಗಿಂತ ಕೂಡಿಸಲು ಮರೆತವರೇ ಜಾಸ್ತಿ. ಪ್ರಶ್ನೆ ಓದಿದ ಕೂಡಲೇ ಪಕ್ಕದಲ್ಲಿ "ಕೇಂದ್ರದಿಂದ ಎಷ್ಟು?" ಎಂದು ಬರೆದುಕೊಳ್ಳುವ ರೂಢಿ ಮಾಡಿಕೊಳ್ಳಿ.

ಎರಡನೇ ಹೆಜ್ಜೆ: 3,98,600 ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡಿ

ಪುಸ್ತಕದಲ್ಲಿರುವ ಸೂತ್ರ ನಿಮಗೆ ಗೊತ್ತೇ ಇದೆ: ಗುರುತ್ವ ಪ್ರಚ್ಛನ್ನ ಶಕ್ತಿ (ಇರುವ ಜಾಗದಿಂದಾಗಿ ವಸ್ತುವಿಗಿರುವ ಶಕ್ತಿ) = −ಜಿಎಂಎಂ/ಆರ್. ದೊಡ್ಡ ಜಿ ಎಂಬ ಗುರುತ್ವ ಸ್ಥಿರಾಂಕ, ಗ್ರಹದ ದ್ರವ್ಯರಾಶಿ, ವಸ್ತುವಿನ ದ್ರವ್ಯರಾಶಿ, ಕೇಂದ್ರದಿಂದ ಇರುವ ದೂರ. ಇದನ್ನು ಹಾಗೆಯೇ ಕ್ಯಾಲ್ಕುಲೇಟರಿಗೆ ಹಾಕಲು ಹೋದರೆ ಹತ್ತರ ಘಾತಗಳಲ್ಲಿ ದಾರಿ ತಪ್ಪುತ್ತದೆ. ಅದಕ್ಕೆ ಎರಡು ಉಪಾಯ ಮಾಡೋಣ.

ಮೊದಲನೆಯದು, ಎಲ್ಲವನ್ನೂ ಒಂದು ಕೆ.ಜಿ.ಗೆ ಲೆಕ್ಕ ಹಾಕಿ. 3,900 ಕೆ.ಜಿ. ಬೇಕಿದ್ದರೆ ಕೊನೆಯಲ್ಲಿ ಗುಣಿಸಿಕೊಂಡರಾಯಿತು. ಎರಡನೆಯದು, ದೊಡ್ಡ ಜಿ ಮತ್ತು ಭೂಮಿಯ ದ್ರವ್ಯರಾಶಿಯನ್ನು ಬೇರೆ ಬೇರೆ ಇಟ್ಟುಕೊಳ್ಳಬೇಡಿ, ಮೊದಲೇ ಗುಣಿಸಿಡಿ. ಆ ಗುಣಲಬ್ಧ ಮೀಟರ್ ಲೆಕ್ಕದಲ್ಲಿ 3.986 × 10¹⁴. ಅದನ್ನೇ ಕಿಲೋಮೀಟರಿಗೆ ತಂದರೆ 3,98,600.

ಈ ಸಂಖ್ಯೆಯನ್ನು ಕೇಂದ್ರದಿಂದ ಇರುವ ಕಿಲೋಮೀಟರುಗಳಿಂದ ಭಾಗಿಸಿದರೆ ಉತ್ತರ ನೇರವಾಗಿ ಮೆಗಾಜೌಲಿನಲ್ಲಿ ಸಿಗುತ್ತದೆ. ಸೆಕೆಂಡಿಗೆ ಒಂದು ಕಿಲೋಮೀಟರ್ ಎಂಬುದರ ವರ್ಗವೇ ಕೆ.ಜಿ.ಗೆ ಒಂದು ಮೆಗಾಜೌಲ್ ಆಗಿರುವುದರಿಂದ ಈ ಅನುಕೂಲ. ಭಾಗಿಸಿ, ಮುಂದೆ ಮೈನಸ್ ಹಾಕಿ. ಅಷ್ಟೇ ಕೆಲಸ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ದೊಡ್ಡ ಜಿ ಬೇರೆ, ಭೂಮಿಯ ದ್ರವ್ಯರಾಶಿ ಬೇರೆ ಎಂದು ಅಳೆದರೆ ಅಷ್ಟು ನಿಖರವಾಗಿ ಸಿಗುವುದಿಲ್ಲ. ಇವೆರಡರ ಗುಣಲಬ್ಧ ಮಾತ್ರ ಉಪಗ್ರಹಗಳ ಸುತ್ತಾಟವನ್ನು ಗಮನಿಸಿ ಅತ್ಯಂತ ನಿಖರವಾಗಿ ತಿಳಿದಿದೆ. ಕಕ್ಷೆಯ ಲೆಕ್ಕ ಹಾಕುವವರು ಈ ಜೋಡಿಯನ್ನು ಬಿಡಿಸದೆ ಬಳಸುವುದಕ್ಕೆ ಅದೇ ಕಾರಣ.

ಮೂರನೇ ಹೆಜ್ಜೆ: ಆರು ಸಾಲು ತುಂಬಿಸಿ

ನೋಟ್‌ಬುಕ್ಕಿನಲ್ಲಿ ಎಡಗಡೆ ಕೇಂದ್ರದಿಂದ ದೂರ, ಬಲಗಡೆ ಕೆ.ಜಿ.ಗೆ ಎಷ್ಟು ಮೆಗಾಜೌಲ್ ಎಂದು ಬರೆಯಿರಿ. ಮೊದಲು ನೀವೇ ಭಾಗಿಸಿ, ಆಮೇಲೆ ತಾಳೆ ನೋಡಿ.

6,371 ಕಿ.ಮೀ. (ನೆಲ): −62.6
12,742 (ಎರಡು ತ್ರಿಜ್ಯ): −31.3
19,113 (ಮೂರು ತ್ರಿಜ್ಯ): −20.9
25,484 (ನಾಲ್ಕು ತ್ರಿಜ್ಯ): −15.6
63,710 (ಹತ್ತು ತ್ರಿಜ್ಯ): −6.3
3,84,400 (ಚಂದ್ರನ ಸರಾಸರಿ ದೂರ): −1.04

ಈಗ ಸಾಲುಗಳ ನಡುವಿನ ವ್ಯತ್ಯಾಸ ನೋಡಿ. ಮೊದಲ 6,371 ಕಿ.ಮೀ. ಏರಲು 31.3 ಮೆಗಾಜೌಲ್ ಬೇಕು. ಮುಂದಿನ 6,371ಕ್ಕೆ 10.4. ಅದರ ಮುಂದಿನದಕ್ಕೆ 5.2. ಹತ್ತು ತ್ರಿಜ್ಯದಿಂದ ಚಂದ್ರನ ದೂರಕ್ಕೆ, ಅಂದರೆ ಮೂರು ಲಕ್ಷಕ್ಕೂ ಹೆಚ್ಚು ಕಿಲೋಮೀಟರಿಗೆ, ಬೇಕಾಗಿರುವುದು ಬರೀ 5.2. ನೆಲದಿಂದ ಭೂಮಿಯ ಒಂದು ತ್ರಿಜ್ಯದಷ್ಟು ಎತ್ತರಕ್ಕೆ ಹೋದವನು ಶಕ್ತಿಯ ಲೆಕ್ಕದಲ್ಲಿ ಅನಂತದ ಅರ್ಧ ದಾರಿ ಮುಗಿಸಿದ್ದಾನೆ. ನನ್ನ ಮಟ್ಟಿಗೆ ಈ ಪಾಠದ ತಿರುಳೇ ಇದು.

62.6 ಮೆಗಾಜೌಲ್ ಎಷ್ಟು ಎಂದು ಅಂದಾಜಾಗದಿದ್ದರೆ ಅದನ್ನು 3.6ರಿಂದ ಭಾಗಿಸಿ. 17.4 ಯೂನಿಟ್ ಕರೆಂಟ್. ಒಂದು ಕೆ.ಜಿ.ಯ ಬೆಲ್ಲದ ಅಚ್ಚನ್ನು ಭೂಮಿಯ ಸೆಳೆತದಿಂದ ಪೂರ್ತಿ ಬಿಡಿಸಲು ಬೇಕಾದ ಶಕ್ತಿ, ಮೀಟರ್ ಬೋರ್ಡಿನಲ್ಲಿ 17 ಚಿಲ್ಲರೆ ಯೂನಿಟ್ ಓಡುವಷ್ಟು. ರಾಕೆಟ್ಟಿಗೆ ಇದರ ಎಷ್ಟೋ ಪಟ್ಟು ಇಂಧನ ಬೇಕಾಗುತ್ತದೆ ನಿಜ. ಅದು ತನ್ನ ಇಂಧನವನ್ನೂ ಹೊತ್ತು ಏರಬೇಕು, ಅದಕ್ಕೆ. ಗುರುತ್ವ ಕೇಳುವ ಸುಂಕ ಮಾತ್ರ ಇಷ್ಟೇ.

ನಾಲ್ಕನೇ ಹೆಜ್ಜೆ: ಮೈನಸ್ಸಿಗೆ ಹೆದರಬೇಡಿ

ಶಕ್ತಿ ಋಣ ಹೇಗಾಗುತ್ತದೆ ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ.

ಬಾವಿ ಎಷ್ಟು ಆಳ ಇದೆ ಅಂದರೆ ನಾವು ಕಟ್ಟೆಯಿಂದ ಕೆಳಕ್ಕೆ ಎಣಿಸುತ್ತೇವೆ. ಕಟ್ಟೆ ಸೊನ್ನೆ, ನೀರು ಅರವತ್ತು ಅಡಿ ಕೆಳಗೆ. ಕೊಡ ಮೇಲೆ ಬಂದಂತೆ ಅರವತ್ತು ಐವತ್ತಾಗುತ್ತದೆ, ಇಪ್ಪತ್ತಾಗುತ್ತದೆ, ಕಟ್ಟೆಗೆ ಬಂದಾಗ ಸೊನ್ನೆ. ಎಣಿಕೆ ಇಳಿಯುತ್ತಿದೆ, ಕೊಡ ಏರುತ್ತಿದೆ. ಗುರುತ್ವದ್ದೂ ಇದೇ ಲೆಕ್ಕ. ಸೆಳೆತವೇ ಇಲ್ಲದಷ್ಟು ದೂರವನ್ನು ಕಟ್ಟೆ ಎಂದು ಇಟ್ಟುಕೊಂಡಿದ್ದೇವೆ, ಅಲ್ಲಿ ಸೊನ್ನೆ. ನಾವು ನೆಲದ ಮೇಲೆ ನಿಂತವರು 62.6 ಮೆಗಾಜೌಲ್ ಆಳದಲ್ಲಿದ್ದೇವೆ.

ಹಾಗಾದರೆ ದೂರ ಹೋದಂತೆ ಪ್ರಚ್ಛನ್ನ ಶಕ್ತಿ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ? ಹೆಚ್ಚುತ್ತದೆ. −31.3 ಎಂಬುದು −62.6ಕ್ಕಿಂತ ದೊಡ್ಡದು. ಮೈನಸ್ ಚಿಹ್ನೆ ಬಿಟ್ಟು ಬರಿಯ ಅಂಕಿ ನೋಡುವವರು "ಕಡಿಮೆಯಾಯಿತು" ಎಂದು ಬರೆದುಬಿಡುತ್ತಾರೆ. ಇನ್ನು ಕೆಲವರು "ಸೆಳೆತ ಕಡಿಮೆಯಾಗುತ್ತದಲ್ಲ, ಹಾಗಾಗಿ ಶಕ್ತಿಯೂ ಕಡಿಮೆ" ಎನ್ನುತ್ತಾರೆ. ಸೆಳೆತ ಅನ್ನುವುದು ಬಾವಿಯ ಗೋಡೆ ಎಷ್ಟು ಕಡಿದಾಗಿದೆ ಎಂಬುದರ ಅಳತೆ. ಶಕ್ತಿ ಅನ್ನುವುದು ನೀವು ಎಷ್ಟು ಮೇಲಿದ್ದೀರಿ ಎಂಬುದರ ಅಳತೆ. ಗೋಡೆ ಸಪಾಟಾಗುತ್ತ ಬಂದರೂ ನೀವು ಏರುತ್ತಲೇ ಇರಬಹುದು.

ನೆಲವನ್ನೇ ಸೊನ್ನೆ ಎಂದು ಇಟ್ಟುಕೊಂಡರೆ ತಪ್ಪೇ? ಅಲ್ಲ. ಪ್ರಕೃತಿಗೆ ಬೇಕಾಗಿರುವುದು ಎರಡು ಜಾಗಗಳ ನಡುವಿನ ವ್ಯತ್ಯಾಸ ಮಾತ್ರ. ಆದರೆ ಭೂಮಿಗೊಂದು ನೆಲ, ಚಂದ್ರನಿಗೊಂದು ನೆಲ ಇರುವಾಗ ಎಲ್ಲರಿಗೂ ಒಪ್ಪುವ ಒಂದೇ ಸೊನ್ನೆ ಬೇಕು. ಅನಂತದಲ್ಲಿಟ್ಟರೆ ಯಾವ ಗ್ರಹಕ್ಕೂ ಪಕ್ಷಪಾತವಿಲ್ಲ.

ಈ ಆಳ ಗೊತ್ತಿದ್ದರೆ ವಿಮೋಚನಾ ವೇಗಕ್ಕೆ, ಅಂದರೆ ಸೆಳೆತದಿಂದ ಪೂರ್ತಿ ಬಿಡಿಸಿಕೊಂಡು ಹೋಗಲು ಬೇಕಾದ ವೇಗಕ್ಕೆ, ಬೇರೆ ಸೂತ್ರವೇ ಬೇಡ. ಆಳವನ್ನು ಎರಡರಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 62.6ರ ಎರಡರಷ್ಟು 125.2, ಅದರ ವರ್ಗಮೂಲ 11.2. ಸೆಕೆಂಡಿಗೆ 11.2 ಕಿ.ಮೀ.

ಐದನೇ ಹೆಜ್ಜೆ: ಗ್ರಾಫ್ ಹಾಳೆ ತೆಗೆಯಿರಿ

ಹಾಳೆಯ ಮೇಲಂಚಿನ ಹತ್ತಿರ ಅಡ್ಡಗೆರೆ ಎಳೆಯಿರಿ. ಇದು ಸೊನ್ನೆ, ನಮ್ಮ ಬಾವಿಕಟ್ಟೆ. ಎಡತುದಿ ಭೂಮಿಯ ಕೇಂದ್ರ. ಅಡ್ಡಕ್ಕೆ ಒಂದು ತ್ರಿಜ್ಯಕ್ಕೆ 2 ಸೆಂ.ಮೀ., ಕೆಳಕ್ಕೆ 10 ಮೆಗಾಜೌಲಿಗೆ 2 ಸೆಂ.ಮೀ. ಇಟ್ಟುಕೊಳ್ಳಿ. ಒಂದು ತ್ರಿಜ್ಯದಲ್ಲಿ 12.5 ಸೆಂ.ಮೀ. ಕೆಳಗೆ ಚುಕ್ಕಿ. ಎರಡು ತ್ರಿಜ್ಯದಲ್ಲಿ 6.3 ಸೆಂ.ಮೀ. ಮೂರರಲ್ಲಿ 4.2, ನಾಲ್ಕರಲ್ಲಿ 3.1, ಆರರಲ್ಲಿ 2.1, ಎಂಟರಲ್ಲಿ 1.6. ಚುಕ್ಕಿಗಳನ್ನು ಸ್ಕೇಲ್ ಇಲ್ಲದೆ ಕೈಯಿಂದ ನಿಧಾನವಾಗಿ ಸೇರಿಸಿ. ಗೆರೆ ಮೊದಲು ಕಡಿದಾಗಿ ಏರಿ, ಆಮೇಲೆ ಬಾಗಿ, ಮೇಲಿನ ಗೆರೆಗೆ ಹತ್ತಿರವಾಗುತ್ತ ಹೋಗುತ್ತದೆ. ಹಾಳೆ ಎಷ್ಟು ಉದ್ದವಿದ್ದರೂ ಆ ಗೆರೆಯನ್ನು ಮುಟ್ಟುವುದಿಲ್ಲ.

ಈಗ ಸ್ಕೇಲನ್ನು ಒಂದು ತ್ರಿಜ್ಯದ ಚುಕ್ಕಿಯ ಮೇಲಿಡಿ. ಅಲ್ಲಿ ಗೆರೆ ಯಾವ ಇಳಿಜಾರಿನಲ್ಲಿ ಹೊರಡುತ್ತದೋ ಅದೇ ಇಳಿಜಾರಿಗೆ ಸ್ಕೇಲನ್ನು ಹೊಂದಿಸಿ, ಅಂದರೆ ಅಲ್ಲಿಗೆ ಸ್ಪರ್ಶರೇಖೆ ಎಳೆಯಿರಿ. ಪೆನ್ಸಿಲ್ ಗೆರೆ ಮೇಲಿನ ಸೊನ್ನೆಯನ್ನು ಎಲ್ಲಿ ಸಂಧಿಸಿತು? ಸರಿಯಾಗಿ ಎರಡು ತ್ರಿಜ್ಯದಲ್ಲಿ.

ಆ ನೇರ ಗೆರೆಯೇ ಎಂಜಿಎಚ್. ಚಿಕ್ಕ ಜಿ, ಅಂದರೆ ಎಂಜಿಎಚ್‌ನಲ್ಲಿರುವ ಗುರುತ್ವ ವೇಗೋತ್ಕರ್ಷ, ಅನ್ನುವುದು ನೆಲದಲ್ಲಿ ಈ ಬಾಗುಗೆರೆಗಿರುವ ಇಳಿಜಾರು. ಎಂಜಿಎಚ್ ಸೂತ್ರ ಆ ಇಳಿಜಾರು ಕೊನೆಯವರೆಗೂ ಹಾಗೇ ಇರುತ್ತದೆ ಎಂದುಕೊಂಡು ಸ್ಕೇಲ್ ಹಿಡಿದು ನೇರಕ್ಕೆ ಹೋಗುತ್ತದೆ. ಅದರ ಪ್ರಕಾರ ಒಂದು ತ್ರಿಜ್ಯದಷ್ಟು ಏರುವಷ್ಟರಲ್ಲೇ ಬಾವಿಯಿಂದ ಹೊರಬಿದ್ದಿರಬೇಕು. ನಿಜವಾದ ಗೆರೆ ಅಲ್ಲಿ ಇನ್ನೂ ಅರ್ಧ ಆಳದಲ್ಲಿದೆ. ಅಲ್ಲಿಂದ ಮುಂದೆ ನೇರ ಗೆರೆ ಸೊನ್ನೆಯನ್ನೂ ದಾಟಿ ಹಾಳೆಯ ಹೊರಗೆ ಹೋಗುತ್ತದೆ. ಹುಡುಗಿಗೆ 893 ಬಂದಿದ್ದು ಆ ನೇರ ಗೆರೆಯ ಮೇಲೆ ನಡೆದಿದ್ದರಿಂದ.

ಹಾಗಂತ ಎಂಜಿಎಚ್ ತಪ್ಪು ಎಂದು ಹೇಳಬೇಡಿ. ಈ ಹಾಳೆಯಲ್ಲಿ ಮುಳ್ಳಯ್ಯನಗಿರಿಯ ಎತ್ತರ ಒಂದು ಮಿಲಿಮೀಟರಿನ ಸಾವಿರದಲ್ಲಿ ಆರು ಪಾಲು. ನಿಮ್ಮ ಪೆನ್ಸಿಲ್ ಮೊನೆ ಅದಕ್ಕಿಂತ ಎಷ್ಟೋ ದಪ್ಪ. ಎವರೆಸ್ಟ್ ಕೂಡ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿಗಿಂತ ಹೆಚ್ಚಿಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಬಾಗುಗೆರೆಗೂ ನೇರ ಗೆರೆಗೂ ವ್ಯತ್ಯಾಸ ಕಾಣುವುದಿಲ್ಲ. ತೆಂಗಿನಕಾಯಿ ಬೀಳುವ ಲೆಕ್ಕಕ್ಕೆ, ಲಿಂಗನಮಕ್ಕಿಯ ನೀರು ಕೆಳಗಿಳಿದು ಶರಾವತಿಯ ಟರ್ಬೈನ್ ತಿರುಗಿಸುವ ಲೆಕ್ಕಕ್ಕೆ ಎಂಜಿಎಚ್ ಧಾರಾಳವಾಗಿ ಸಾಕು.

ಆರನೇ ಹೆಜ್ಜೆ: ಎಂಜಿಎಚ್ ಅನ್ನು ಸರಿಪಡಿಸಿಕೊಳ್ಳುವುದು

ಎಂಜಿಎಚ್ ರೂಢಿಯಾಗಿದ್ದರೆ ಅದನ್ನೇ ಬಳಸಿ, ಆದರೆ ಕೊನೆಗೆ ಒಂದು ಗುಣಾಕಾರ ಸೇರಿಸಿ. ಬಂದ ಉತ್ತರವನ್ನು ಭೂಮಿಯ ತ್ರಿಜ್ಯದಿಂದ ಗುಣಿಸಿ, ಕೇಂದ್ರದಿಂದ ಇರುವ ದೂರದಿಂದ ಭಾಗಿಸಿ. ಇದು ಅಂದಾಜಲ್ಲ, ಪೂರ್ತಿ ಸರಿಯಾದ ಉತ್ತರ. ನೆಲದಿಂದ ಹೊರಟ ಏರಿಕೆಗೆ ಮಾತ್ರ ಅನ್ವಯಿಸುತ್ತದೆ ಎಂಬುದು ನೆನಪಿರಲಿ.

ಮುಳ್ಳಯ್ಯನಗಿರಿಗೆ ಈ ತಿದ್ದುಪಡಿ 10,000ದಲ್ಲಿ 3 ಪಾಲು. 400 ಕಿ.ಮೀ. ಎತ್ತರದ ನಿಲ್ದಾಣಕ್ಕೆ ಎಂಜಿಎಚ್ ಕೆ.ಜಿ.ಗೆ 3.93 ಮೆಗಾಜೌಲ್ ಎನ್ನುತ್ತದೆ, ಸರಿಯಾದದ್ದು 3.70. ನೂರಕ್ಕೆ ಆರರಷ್ಟು ತಪ್ಪು, ಇನ್ನೂ ಸಹಿಸಬಹುದು. ಮುಂದಿನದು ನೋಡಿ.

ಹಾಸನದ ಸಾಲಗಾಮೆ ರಸ್ತೆಯಲ್ಲಿ ಹೋದವರಿಗೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದ ದೊಡ್ಡ ಬಿಳಿ ಡಿಶ್‌ಗಳು ಗೊತ್ತಿರುತ್ತವೆ. 1980ರ ದಶಕದಿಂದ ಭೂಸ್ಥಿರ ಉಪಗ್ರಹಗಳ (ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವವು) ಉಸ್ತುವಾರಿ ನಡೆಯುತ್ತಿರುವ ಜಾಗ ಅದು. ಅವು ನೋಡುತ್ತಿರುವುದು 35,786 ಕಿ.ಮೀ. ಎತ್ತರವನ್ನು. ಅಷ್ಟು ಎತ್ತರಕ್ಕೆ ಎಂಜಿಎಚ್ ಹಾಕಿದರೆ ಕೆ.ಜಿ.ಗೆ 351 ಮೆಗಾಜೌಲ್ ಬರುತ್ತದೆ. ಭೂಮಿಯನ್ನು ಶಾಶ್ವತವಾಗಿ ಬಿಟ್ಟುಹೋಗಲು ಬೇಕಾಗಿರುವುದೇ 62.6 ಆಗಿರುವಾಗ ಭೂಮಿಯನ್ನು ಸುತ್ತುತ್ತಲೇ ಇರುವ ಉಪಗ್ರಹದ ಎತ್ತರಕ್ಕೆ 351 ಹೇಗೆ ಬೇಕಾದೀತು? 6,371ರಿಂದ ಗುಣಿಸಿ 42,157ರಿಂದ ಭಾಗಿಸಿ. 53.1 ಬರುತ್ತದೆ. ಉತ್ತರ 62.6 ದಾಟಿದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ಹಾಳೆಯ ಮೂಲೆಯಲ್ಲಿ ಈ ಎಚ್ಚರಿಕೆ ಬರೆದಿಟ್ಟುಕೊಳ್ಳಿ.

ಏಳನೇ ಹೆಜ್ಜೆ: ವರ್ಗ ಎಲ್ಲಿ ಹೋಯಿತು?

ಬಲದ ಸೂತ್ರದಲ್ಲಿ ದೂರದ ವರ್ಗವಿದೆ, ಶಕ್ತಿಯ ಸೂತ್ರದಲ್ಲಿ ಬರಿಯ ದೂರವಿದೆ. ಕ್ಯಾಲ್ಕುಲಸ್ ಕಲಿತವರು ಸಮಾಕಲನ ಮಾಡಿ ಮುಗಿಸುತ್ತಾರೆ. ಕಲಿಯದವರು ಹೀಗೆ ಮಾಡಿ ನೋಡಿ, ನನಗೇನೋ ಇದೇ ಹೆಚ್ಚು ಇಷ್ಟ.

6,371ರಿಂದ 7,371ರವರೆಗಿನ 1,000 ಕಿ.ಮೀ. ಒಂದು ಹೋಳು. ಕೆಳತುದಿಯಲ್ಲಿ ಕೆ.ಜಿ.ಗೆ ಸೆಳೆತ 9.82 ನ್ಯೂಟನ್, ಮೇಲ್ತುದಿಯಲ್ಲಿ 7.34. ಕೆಲಸ ಅಂದರೆ ಬಲ ಗುಣಿಸು ದೂರ, ಆದರೆ ಯಾವ ಬಲ ಹಾಕಬೇಕು? 9.82 ಹಾಕಿದರೆ ಹೆಚ್ಚಾಯಿತು, 7.34 ಹಾಕಿದರೆ ಕಡಿಮೆಯಾಯಿತು. ನಡುವಿನದೊಂದು ಬೇಕು. 3,98,600 ಅನ್ನು ದೂರದ ವರ್ಗದಿಂದ ಭಾಗಿಸುವ ಬದಲು ಕೆಳತುದಿ ಗುಣಿಸು ಮೇಲ್ತುದಿ, ಅಂದರೆ 6,371 × 7,371ರಿಂದ ಭಾಗಿಸಿ. ಬರುವ 0.00849 ಅನ್ನು 1,000ದಿಂದ ಗುಣಿಸಿ ನ್ಯೂಟನ್ನಿಗೆ ತಂದರೆ 8.49. ಹತ್ತು ಲಕ್ಷ ಮೀಟರಿಗೆ ಕೆಲಸ 8.49 ಮೆಗಾಜೌಲ್.

ಈಗ ಎರಡನೇ ಹೆಜ್ಜೆಯ ಉಪಾಯದಿಂದ ತಾಳೆ ನೋಡಿ: 6,371ರಲ್ಲಿ 62.57, 7,371ರಲ್ಲಿ 54.08, ವ್ಯತ್ಯಾಸ 8.49. ಒಂದೇ! ಮುಂದಿನ ಹೋಳು, 7,371ರಿಂದ 8,371. ಅದಕ್ಕೆ 6.46. ಎರಡೂ ಕೂಡಿಸಿದಾಗ ನಡುವಿನ 54.08 ಒಂದು ಸಲ ಕಳೆದು ಒಂದು ಸಲ ಕೂಡಿ ಮಾಯವಾಗುತ್ತದೆ, ಎರಡು ತುದಿಗಳು ಮಾತ್ರ ಉಳಿಯುತ್ತವೆ. ಹೋಳು ಎಷ್ಟು ದಪ್ಪವಿದ್ದರೂ ಈ ಗುಣಾಕಾರ ಸರಿಹೋಗುತ್ತದೆ. ವರ್ಗದಲ್ಲಿದ್ದ ಎರಡು ದೂರಗಳಲ್ಲಿ ಒಂದು, ಏರಿದ ದೂರದ ಜೊತೆ ಸೇರಿ ಕರಗಿಹೋಯಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಎಂಟನೇ ಹೆಜ್ಜೆ: ಚಂದ್ರಯಾನದ ಸಂಖ್ಯೆಗಳಿಗೆ ಬನ್ನಿ

ಸುತ್ತುತ್ತಿರುವ ನೌಕೆಗೆ ಪ್ರಚ್ಛನ್ನ ಶಕ್ತಿಯ ಜೊತೆ ಚಲನ ಶಕ್ತಿಯೂ ಇರುತ್ತದೆ. ಎರಡರ ಮೊತ್ತ ಎಂಜಿನ್ ಉರಿಸದ ಹೊರತು ಬದಲಾಗುವುದಿಲ್ಲ. ಭೂಮಿಯ ಹತ್ತಿರ ಬಂದಾಗ ಆಳಕ್ಕಿಳಿದು ಜೋರಾಗಿ ಓಡುತ್ತದೆ, ದೂರ ಹೋದಾಗ ಮೇಲೇರಿ ನಿಧಾನವಾಗುತ್ತದೆ. ಜೋಕಾಲಿ ಆಡಿದವರಿಗೆ ಬೇರೆ ಉದಾಹರಣೆ ಬೇಡ.

ಮೊತ್ತವನ್ನು ಕಂಡುಹಿಡಿಯಲೂ ಅದೇ 3,98,600 ಸಾಕು. ಕಕ್ಷೆಯ ಅತಿ ಹತ್ತಿರದ ದೂರ ಮತ್ತು ಅತಿ ದೂರದ ದೂರ, ಎರಡನ್ನೂ ಕೇಂದ್ರದಿಂದ ಅಳೆದು ಕೂಡಿಸಿ, ಆ ಮೊತ್ತದಿಂದ ಭಾಗಿಸಿ, ಮೈನಸ್ ಹಾಕಿ.

ರಾಕೆಟ್ ಬಿಟ್ಟ ಕಕ್ಷೆ ಸುಮಾರು 170 × 36,500 ಕಿ.ಮೀ. ಕೇಂದ್ರದಿಂದ 6,541 ಮತ್ತು 42,871. ಮೊತ್ತ 49,412. ಶಕ್ತಿ −8.07 ಮೆಗಾಜೌಲ್.
ಜುಲೈ 25ರ ಕಕ್ಷೆ 236 × 1,27,609. ಶಕ್ತಿ −2.84.
ಆಗಸ್ಟ್ 1ರಂದು ಚಂದ್ರನ ದಾರಿಗೆ ಹಾಕಿದ ಮೇಲೆ 288 × 3,69,328. ಶಕ್ತಿ −1.04.

ಬಾವಿಯ ತಳ −62.6. ಅಲ್ಲಿಂದ −8.07ಕ್ಕೆ ಏರಿಸಿದ್ದು ಎಲ್‌ವಿಎಂ-3 ರಾಕೆಟ್, ಹೊರಟ ಹದಿನಾರು ನಿಮಿಷದೊಳಗೆ. −8.07ರಿಂದ −1.04ಕ್ಕೆ ಏರಲು ಆ ಪುಟ್ಟ ಎಂಜಿನ್ನಿಗೆ ಉಳಿದಿದ್ದು ಕೆ.ಜಿ.ಗೆ 7 ಮೆಗಾಜೌಲ್. ಶಕ್ತಿಯ ಲೆಕ್ಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ದಾರಿ ಮೊದಲ ಹದಿನಾರು ನಿಮಿಷದಲ್ಲೇ ಮುಗಿದಿತ್ತು. ಹುಡುಗಿಯ ಪ್ರಶ್ನೆಗೆ ಇದೇ ಉತ್ತರ. ಮೊದಲು ಹೇಳಿದ 6.3 ಎರಡು ಕಕ್ಷೆಗಳ ದೂರದ ತುದಿಗಳ ನಡುವಿನ ಪ್ರಚ್ಛನ್ನ ಶಕ್ತಿಯ ವ್ಯತ್ಯಾಸ ಮಾತ್ರ, ಇಲ್ಲಿನವು ಚಲನ ಶಕ್ತಿಯೂ ಸೇರಿದ ಮೊತ್ತಗಳು.

ಇನ್ನೊಂದು ಸಂಗತಿ ಇಲ್ಲಿದೆ, ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನೌಕೆಗಳ ಜಾಡು ಹಿಡಿದು ಆದೇಶ ಕಳಿಸುವ ಇಸ್ರೋದ ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಿಂದ ಕಕ್ಷೆ ಹಿಗ್ಗಿಸುವ ಆದೇಶ ಹೋಗುತ್ತಿದ್ದುದು ನೌಕೆ ಭೂಮಿಗೆ ಅತಿ ಹತ್ತಿರ ಬಂದಾಗ. ದೂರದಲ್ಲಿದ್ದಾಗಲೇ ತಳ್ಳಿದರೆ ಸುಲಭವಲ್ಲವೇ ಎನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಮೊದಲ ಕಕ್ಷೆಯಲ್ಲಿ ಹತ್ತಿರದ ಬಿಂದುವಿನ ಪ್ರಚ್ಛನ್ನ ಶಕ್ತಿ −60.94, ಮೊತ್ತ −8.07, ಆದ್ದರಿಂದ ಚಲನ ಶಕ್ತಿ 52.87. ಎರಡರಿಂದ ಗುಣಿಸಿ ವರ್ಗಮೂಲ ತೆಗೆದರೆ ವೇಗ ಸೆಕೆಂಡಿಗೆ 10.28 ಕಿ.ಮೀ. ದೂರದ ತುದಿಯಲ್ಲಿ ಹೀಗೆಯೇ ಮಾಡಿದರೆ 1.57 ಕಿ.ಮೀ. ಎಂಜಿನ್ ವೇಗವನ್ನು ಸೆಕೆಂಡಿಗೆ ಒಂದೇ ಒಂದು ಮೀಟರ್ ಹೆಚ್ಚಿಸಿತು ಎನ್ನಿ. ಹತ್ತಿರದ ಬಿಂದುವಿನಲ್ಲಾದರೆ ಕೆ.ಜಿ.ಗೆ ಸುಮಾರು 10,280 ಜೌಲ್ ಸೇರುತ್ತದೆ, ದೂರದ ತುದಿಯಲ್ಲಾದರೆ 1,570. ಸುಟ್ಟ ಇಂಧನ ಒಂದೇ, ಸಿಕ್ಕಿದ್ದು ಆರೂವರೆ ಪಟ್ಟು. ಓಡುವ ವಸ್ತುವನ್ನು ತಳ್ಳಿದಾಗ ಅದೇ ಬಲ ಅದೇ ಸಮಯದಲ್ಲಿ ಹೆಚ್ಚು ದೂರ ಕೆಲಸ ಮಾಡುತ್ತದೆ. ರಾಕೆಟ್ ವಿಜ್ಞಾನಿ ಹರ್ಮನ್ ಓಬರ್ತ್ ಹೆಸರಿನಲ್ಲಿ ಕರೆಯುವ ಪರಿಣಾಮ ಇದು. ಚಿಕ್ಕ ಎಂಜಿನ್ ಹತ್ತಿರದ ಬಿಂದುವಿನಲ್ಲಿ ಇರುವ ಸ್ವಲ್ಪ ಹೊತ್ತಿನಲ್ಲಿ ಎಲ್ಲವನ್ನೂ ತಳ್ಳಿ ಮುಗಿಸಲಾರದು, ಅದಕ್ಕೇ ಸುತ್ತಿ ಸುತ್ತಿ ಬಂದು ಕಂತುಗಳಲ್ಲಿ ತಳ್ಳಿದ್ದು.

ಎಡವುವ ಜಾಗಗಳು

ನಿಲ್ದಾಣದಲ್ಲಿ ಗಗನಯಾತ್ರಿಗಳು ತೇಲುವುದನ್ನು ನೋಡಿ ಅಲ್ಲಿ ಗುರುತ್ವವೇ ಇಲ್ಲ ಎಂದುಕೊಳ್ಳುವುದು. 6,771 ಕಿ.ಮೀ.ಯಲ್ಲಿ ಸೆಳೆತ ಇನ್ನೂ ಕೆ.ಜಿ.ಗೆ 8.7 ನ್ಯೂಟನ್, ನೆಲದ್ದರ ನೂರಕ್ಕೆ 88ರಷ್ಟು. ಅವರು ನಿಲ್ದಾಣದ ಜೊತೆಜೊತೆಗೇ ಬೀಳುತ್ತಿದ್ದಾರೆ, ಹಾಗಾಗಿ ತೇಲಿದಂತೆ ಕಾಣುತ್ತದೆ. ಅಲ್ಲಿಗೆ ಏರಿಸಲು 3.7 ಮೆಗಾಜೌಲ್ ಸಾಕು, ಅಲ್ಲೇ ಸುತ್ತುವಂತೆ ಓಡಿಸಲು 29.4 ಬೇಕು. ಕಕ್ಷೆ ಸೇರುವುದರಲ್ಲಿ ಎತ್ತರಕ್ಕಿಂತ ಓಟವೇ ದುಬಾರಿ.

ಭೂಮಿಯ ಒಳಗೂ ಇದೇ ಸೂತ್ರ ಹಾಕುವುದು ಇನ್ನೊಂದು. ಕೋಲಾರದ ಚಿನ್ನದ ಗಣಿಯಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟಕ್ಕೆ ಎಂಜಿಎಚ್ ಸಾಕು. ಆದರೆ ಕೇಂದ್ರದವರೆಗೆ ಹೋಗುವುದಾದರೆ 3,98,600 ಅನ್ನು ಸೊನ್ನೆಯಿಂದ ಭಾಗಿಸಿ ಅನಂತ ಎಂದು ಬರೆಯಬೇಡಿ. ಒಳಗೆ ಇಳಿದಂತೆ ಮೇಲಿನ ಚಿಪ್ಪಿನ ಸೆಳೆತ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಭೂಮಿ ಎಲ್ಲೆಡೆ ಒಂದೇ ಸಾಂದ್ರತೆಯದು ಎಂದು ಹಿಡಿದರೆ ಕೇಂದ್ರದ ಆಳ ನೆಲದ ಒಂದೂವರೆ ಪಟ್ಟು, ಸುಮಾರು −94. ಬಾವಿಗೆ ತಳವಿದೆ.

ಕೊನೆಯ ಹೆಜ್ಜೆ: ಬೇರೆ ಬಾವಿಗೆ ಇಳಿಯಿರಿ

ಬೇರೆ ಗ್ರಹಕ್ಕೆ ಬದಲಾಗುವುದು ಎರಡೇ ಸಂಖ್ಯೆ. ಮಂಗಳಕ್ಕೆ 3,98,600ರ ಬದಲು 42,828, ಮತ್ತು ತ್ರಿಜ್ಯ 3,390. ಆಳ 12.6 ಮೆಗಾಜೌಲ್. ಚಂದ್ರನಿಗೆ 4,903 ಮತ್ತು 1,737. ಆಳ 2.82, ವಿಮೋಚನಾ ವೇಗ 2.38 ಕಿ.ಮೀ. ಭೂಮಿಯ ಬಾವಿಯ ಇಪ್ಪತ್ತೆರಡರಲ್ಲಿ ಒಂದು ಪಾಲು.

ಹುಡುಗಿ ಆಗಸ್ಟ್ 23ರ ಸಂಜೆ ಚಂದ್ರಯಾನದ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿಯುವುದನ್ನು ಟಿವಿಯಲ್ಲಿ ನೋಡಿ, ಮರುದಿನ ತಾನೇ ಈ ಲೆಕ್ಕ ಮಾಡಿಕೊಂಡು ಬಂದಳು. ಇಳಿಯಲು ಶುರುಮಾಡಿದಾಗ ಎತ್ತರ 30 ಕಿ.ಮೀ., ವೇಗ ಸೆಕೆಂಡಿಗೆ ಸುಮಾರು 1.68 ಕಿ.ಮೀ. 4,903 ಅನ್ನು ಒಮ್ಮೆ 1,737ರಿಂದ, ಒಮ್ಮೆ 1,767ರಿಂದ ಭಾಗಿಸಿ ಕಳೆದಿದ್ದಳು: 0.05 ಮೆಗಾಜೌಲ್. ಪಕ್ಕದಲ್ಲಿ ವೇಗದ ಚಲನ ಶಕ್ತಿ: 1.41. ಮೊದಲನೆಯದರ ಸುಮಾರು ಮೂವತ್ತು ಪಟ್ಟು.

"ಸರ್, 30 ಕಿ.ಮೀ. ಇಳಿಯೋದು ಲೆಕ್ಕಕ್ಕೇ ಇಲ್ಲ. ಹತ್ತೊಂಬತ್ತು ನಿಮಿಷ ಎಂಜಿನ್ ಉರಿದಿದ್ದು ಬಹುಪಾಲು ಓಟ ನಿಲ್ಲಿಸೋಕೆ," ಎಂದಳು. ಚಂದ್ರನಲ್ಲಿ ಗಾಳಿ ಇಲ್ಲ, ಪ್ಯಾರಾಚೂಟ್ ಬಿಚ್ಚುವಂತಿಲ್ಲ, ಆ 1.41 ಅನ್ನು ಎಂಜಿನ್ನುಗಳೇ ತೀರಿಸಬೇಕು. ಅವಳು ಅದನ್ನೂ ಬರೆದುಕೊಂಡು, ಅದೇ ಹಾಳೆಯ ಕೆಳಗೆ ಮಂಗಳದ ಎರಡು ಸಂಖ್ಯೆಗಳನ್ನು ಬರೆದು ಗೆರೆ ಎಳೆದಳು.